ಪೇಶಕಾರ ವಾಮನರಾಯರ ತಾಳ

ಎದುರಿಗಿದ್ದವರು ಮಾತು ಶುರುಮಾಡಿದ ಕೂಡಲೇ ವಾಮನರಾಯರ ಬಲಗೈ ಬೆರಳುಗಳು ಮೊಣಕಾಲಿನ ಮೇಲೆ ತಾಳ ಹಾಕತೊಡಗುತ್ತಿದ್ದವು. ಹಾಡಿಗಲ್ಲ, ಮಾತಿಗೆ. ಅವರನ್ನು ಮೊದಲು ಕಂಡ ದಿನ ನಾನು ನನ್ನ ಹೆಸರು, ಓದು, ಕೊಂಡಾಪುರದ ಆಫೀಸು ಇಷ್ಟನ್ನು ಹೇಳಿ ಮುಗಿಸುವವರೆಗೂ ಆ ಬೆರಳುಗಳು ಆಡಿದವು. ಮುಗಿದ ಮೇಲೆ, "ಇಷ್ಟೂ ಇಂಟರ್‌ವ್ಯೂದಾಗ ಹೇಳಿ ಹೇಳಿ ರೂಢಿ ಆಗೇತಿ ನಿನಗ," ಎಂದರು. ನನಗೆ ಸಿಟ್ಟು ಬಂತು. ಆದರೆ ಮಾತು ನಿಜವಾಗಿತ್ತು.

ಅವರು ಮೂವತ್ತೈದು ವರ್ಷ ಕ್ರಿಮಿನಲ್ ಕೋರ್ಟಿನಲ್ಲಿ ಪೇಶಕಾರರಾಗಿದ್ದವರು. ನ್ಯಾಯಾಧೀಶರ ಕೆಳಗಿನ ಮೇಜಿನಲ್ಲಿ ಕೂತು ಕಾಗದಪತ್ರ ಒಪ್ಪಿಸುವ, ಸಾಕ್ಷಿಗಳನ್ನು ಕರೆಸುವ ಕೆಲಸ. ಬೆಳಿಗ್ಗೆ ಕಾಚಿಗುಡಾದ ಮನೆಯಲ್ಲಿ ಒಂದು ತಾಸು ಹಾರ್ಮೋನಿಯಂ, ಆಮೇಲೆ ಸಂಜೆಯವರೆಗೆ ಸಾಕ್ಷಿಗಳ ಮಾತು. ಎರಡೂ ಕೂಡಿ ಅವರಲ್ಲೊಂದು ಸಿದ್ಧಾಂತ ಹುಟ್ಟಿತ್ತು.

"ಸುಳ್ಳು ಹೇಳಾವ ಮನ್ಯಾಗ ಹತ್ತು ಸಲ ಹೇಳಿ ನೋಡಿ ಬಂದಿರತಾನ ತಂಗಿ. ಅವಂದು ತಾಳ ತಪ್ಪಂಗಿಲ್ಲ. ಖರೇ ಹೇಳಾವ ಕಟಕಟ್ಯಾಗ ನಿಂತ ಮ್ಯಾಲೆ ನೆನಸ್ಕೋತಾನ. ಅವ ತಪ್ಪತಾನ."

ಭಾನುವಾರ ಅವರ ಪಡಸಾಲೆಯಲ್ಲಿ ಸೇರುತ್ತಿದ್ದ ನಮ್ಮ ನಾಟಕದ ಗುಂಪಿಗೆಲ್ಲ ಈ ಸಿದ್ಧಾಂತದ ಕಾಟವಿತ್ತು. ತಬಲಾದ ಗುರುರಾಜ ಶಂಶಾಬಾದಿನಿಂದ ಬರಬೇಕು, ಪ್ರತಿ ವಾರವೂ ತಡ.

"ಟ್ರಾಫಿಕ್ ಭಾಳ ಇತ್ರಿ ಕಾಕಾ, ಗಾಡಿ ಮುಂದ ಸರೀಲಿಲ್ಲ."

"ಹೋದ ವಾರಾನೂ ಇದ ಲಯದಾಗ ಹೇಳಿದ್ದಿ. ನಿದ್ದಿ ಹತ್ತಿತ್ತು ಅಂತ ಹೇಳು, ಚಾ ಕೊಡತೀನಿ."

"ನಿದ್ದಿ... ಅಂದ್ರ, ಅಲಾರಾಂ ಇಟ್ಟಿದ್ದೆ, ಆದ್ರ ಅದು..."

"ಹಾಂ, ತಪ್ಪಿದ ನೋಡ್ರಿ. ಚಾ ಕೊಡ್ರಿ ಇವಗ."

ನಾನು ಎಂ.ಎ.ಯಲ್ಲಿ ಓದಿದ್ದ, ರಾಣಿ ವಿಕ್ಟೋರಿಯಾಳ ಕಾಲದ ಒಂದು ಇಂಗ್ಲಿಷ್ ಪತ್ತೇದಾರಿ ಕಾದಂಬರಿಯನ್ನು ಕನ್ನಡದ ಸಂಗೀತ ನಾಟಕ ಮಾಡಲೇಬೇಕೆಂದು ಹಟ ಹಿಡಿದಿದ್ದೆ. ದೊಡ್ಡ ಬಂಗಲೆಯಲ್ಲಿ ಯಜಮಾನ ಹಾಲಿನಲ್ಲಿ ಬೆರೆಸಿದ ವಿಷದಿಂದ ಸಾಯುತ್ತಾನೆ. ಆರೋಪ ಆಯಾಳ ಮೇಲೆ ಬರುತ್ತದೆ, ಕೊಂದವಳು ಯಜಮಾನನ ತಂಗಿ. ನಾನು ಬಂಗಲೆಯನ್ನು ನಿಜಾಮರ ಕಾಲದ ದೇವಡಿ ಮಾಡಿ, ಆಯಾಳಿಗೆ ಗಂಗೂ ಎಂದು ಹೆಸರಿಟ್ಟಿದ್ದೆ. ಅಲ್ಲಿಗೆ ನಿಂತುಹೋಗಿತ್ತು. ಕಾದಂಬರಿಯ ತುಂಬ ಒಬ್ಬರಾದ ಮೇಲೊಬ್ಬರ ಹೇಳಿಕೆಗಳು. ಹಾಡಿಗೆ ಜಾಗವೇ ಇರಲಿಲ್ಲ. ಅಪರಾಧಿಯ ಸುಳಿವು ಇದ್ದದ್ದು ಅವಳ ಕೈಬರಹದಲ್ಲಿ. ಸಭಾಂಗಣದ ಕೊನೆಯ ಸಾಲಿಗೆ ಕೈಬರಹ ಕಾಣುವುದುಂಟೆ?

ವಾಮನರಾಯರು ಪೂರ್ತಿ ಕೇಳಿ, "ಅಯ್ಯ, ಇದು ನಮ್ಮ ಕೋರ್ಟ ಐತೆಲ್ಲಾ!" ಎಂದು ಹಾರ್ಮೋನಿಯಂ ಎಳೆದುಕೊಂಡರು. "ಹೇಳಿಕಿ ಎಲ್ಲಾ ಹಾಡಿಸೋಣು. ಸುಳಿವು ತಾಳದಾಗ ಇಡೋಣು. ಯಜಮಾನನ ತಂಗಿ ಒಂದು ಮಾತ್ರೆನೂ ತಪ್ಪಂಗಿಲ್ಲ. ಗಂಗೂ ತಪ್ಪತಾಳ. ಕಿವಿ ಇದ್ದಾವ ಇಂಟರ್ವಲ್ ಒಳಗ ಹಿಡೀತಾನ."

ಅಂದಿನಿಂದ ನಾಟಕ ನಿಂತಿದ್ದೇ ಆ ಒಂದು ಹಾಡಿನ ಮೇಲೆ. ಗಂಗೂ ತಾಳ ತಪ್ಪದಿದ್ದರೆ, ಕೊನೆಯಲ್ಲಿ ಯಾರೋ ಬಂದು ಅಪರಾಧಿಯ ಹೆಸರು ಹೇಳಿಹೋದಂತೆ ಆಗುತ್ತಿತ್ತು. ಅಂಥ ನಾಟಕ ನನಗೆ ಬೇಕಿರಲಿಲ್ಲ.

ಗಂಗೂ ಆಗಬೇಕಿದ್ದವಳು ಸುಮಿತ್ರಾ. ಸಿಕಂದರಾಬಾದಿನಲ್ಲಿ ಬ್ಯಾಂಕಿನ ಕೆಲಸ, ಒಳ್ಳೆಯ ಕಂಠ, ಅದರ ಬಗ್ಗೆ ಅಷ್ಟೇ ಅಭಿಮಾನ. ಪ್ರದರ್ಶನಕ್ಕೆ ಮೂರು ವಾರವಿದ್ದಾಗ ಅವಳು ಎದ್ದು ನಿಂತಳು.

"ಹದಿನಾಲ್ಕು ವರ್ಷ ಗಾಯನ ಕಲ್ತೀನ್ರಿ ಕಾಕಾ. ನಮ್ಮ ಗುರುಗಳು ಮುಂದಿನ ಸಾಲಿನ್ಯಾಗ ಕುಂತಿರತಾರ. ಅವರ ಮುಂದ ತಾಳ ತಪ್ಪು ಅಂತೀರಿ?"

"ಹಂಗಾದ್ರ ಯಜಮಾನನ ತಂಗಿ ಆಗು. ಆ ಪಾತ್ರಕ್ಕ ಯಾರೂ ಸಿಕ್ಕಿಲ್ಲ."

"ಆಗತೀನಿ. ಕೊಲೆ ಬೇಕಾದ್ರ ಮಾಡತೀನ್ರಿ, ತಾಳ ತಪ್ಪಂಗಿಲ್ಲ."

ಎಲ್ಲರೂ ನಕ್ಕರು. ವಾಮನರಾಯರು ನಗಲಿಲ್ಲ. ಮೂಲೆಯಲ್ಲಿ ಬರೆದುಕೊಳ್ಳುತ್ತಿದ್ದ ನನ್ನ ಕಡೆ ತಿರುಗಿ, "ಗಂಗೂ ನೀನ," ಎಂದರು.

"ನಾನು... ಇಲ್ರಿ ಕಾಕಾ. ನನಗ ಹಾಡಾಕ... ಹಾಡಾಕ ಬರಂಗಿಲ್ಲ."

ಬೆರಳುಗಳು ನಿಂತವು. "ಎರಡು ಕಡೆ ತಡದಿ. ಖರೇ ಐತಿ, ನಿನಗ ಹಾಡಾಕ ಬರಂಗಿಲ್ಲ. ಅದಕ್ಕ ನೀನ ಬೇಕು."

ನಾನು ನಾಲ್ಕು ಜನರ ಮುಂದೆ ಮಾತಾಡಲೂ ಹಿಂಜರಿಯುವವಳು. ಆದರೂ ಒಪ್ಪಿದೆ, ಇಲ್ಲದಿದ್ದರೆ ನಾಟಕವೇ ಇರುತ್ತಿರಲಿಲ್ಲ. ದಿನವೂ ಆಫೀಸಿಗೆ ಹೋಗುವ ಮೊದಲು ಅಭ್ಯಾಸ ಮಾಡಿದೆ. ಎಲ್ಲಿ ತಪ್ಪಬೇಕೆಂದು ಪುಸ್ತಕದಲ್ಲಿ ಗುರುತು ಹಾಕಿಕೊಂಡೆ. ಎರಡನೆಯ ವಾರದ ಹೊತ್ತಿಗೆ ಪ್ರತಿಸಲವೂ ಅದೇ ಜಾಗದಲ್ಲಿ, ಅಷ್ಟೇ ಅಳತೆಗೆ ತಪ್ಪತೊಡಗಿದ್ದೆ.

"ತಪ್ಪೂ ಬಾಯಿಪಾಠ ಮಾಡಿದೇನವಾ!" ಎಂದು ರಾಯರು ಹಣೆ ಚಚ್ಚಿಕೊಂಡರು.

"ಈಗ ಇಬ್ಬರೂ ಕೊಲೆಗಾರ್ತಿಯರ ಆದ್ವಿ," ಎಂದಳು ಸುಮಿತ್ರಾ.

ಗುರುತುಗಳನ್ನು ಬೇರೆ ಕಡೆ ಹಾಕುತ್ತೇನೆಂದು ನಾನು ಪೆನ್ನು ತೆಗೆದೆ. ಅವರು ಪುಸ್ತಕ ಮುಚ್ಚಿಬಿಟ್ಟರು. "ಇನ್ನ ಈ ಹಾಡು ಹಾಡಬ್ಯಾಡ. ಆವತ್ತು ನೋಡೋಣು."

ಪ್ರದರ್ಶನದ ಸಂಜೆ ಸಭಾಂಗಣ ಮುಕ್ಕಾಲು ತುಂಬಿತ್ತು. ವಾಮನರಾಯರು ರಂಗದ ಬಲಕ್ಕೆ ಹಾರ್ಮೋನಿಯಂ ಇಟ್ಟುಕೊಂಡು ಕೂತು, ವಕೀಲನ ಪ್ರಶ್ನೆಗಳನ್ನು ತಾವೇ ಹಾಡುತ್ತಿದ್ದರು. ಸುಮಿತ್ರಾಳ ಹೇಳಿಕೆಗೆ 'ಒನ್ಸ್ ಮೋರ್' ಬಂತು. ಮತ್ತೆ ಹಾಡಿದಳು, ಕೂದಲೆಳೆಯಷ್ಟೂ ಬದಲಿಲ್ಲದೆ. ಆಮೇಲೆ ನಾನು ಕಟಕಟೆ ಹತ್ತಿದೆ. 'ಹಾಲಿನ ಲೋಟ ಒಯ್ದವರಾರು' ಎಂಬ ಪ್ರಶ್ನೆಗೆ ಕಾದು ನಿಂತೆ.

ಅವರು ಅದನ್ನು ಹಾಡಲಿಲ್ಲ. ನನ್ನನ್ನೇ ನೋಡುತ್ತ, ಅದೇ ಧಾಟಿಯಲ್ಲಿ, "ಸಣ್ಣಾಕಿದ್ದಾಗ ನಿನ್ನ ಮನ್ಯಾಗ ಏನಂತ ಕರೀತಿದ್ರು?" ಎಂದು ಹಾಡಿದರು.

ನಾನು ಬರೆದ ನಾಟಕದಲ್ಲಿ ಆ ಪ್ರಶ್ನೆ ಇರಲಿಲ್ಲ. ಅಜ್ಜ ನನ್ನನ್ನು ಕರೆಯುತ್ತಿದ್ದ ಹೆಸರೊಂದಿದೆ. ಅವರು ಹೋದ ಮೇಲೆ ಅದನ್ನು ಯಾರೂ ಕರೆದಿಲ್ಲ, ಇಲ್ಲಿಯೂ ಬರೆಯುವುದಿಲ್ಲ. ತಬಲಾ ಮುಂದೆ ಹೋಯಿತು. ನನ್ನ ಬಾಯಿಂದ ಆ ಹೆಸರು ಎರಡು ಮಾತ್ರೆ ತಡವಾಗಿ, ಯಾವ ಸ್ವರಕ್ಕೂ ಸೇರದೆ ಹೊರಬಿತ್ತು. ಉಳಿದ ಸಾಲುಗಳೂ ಹಾಗೆಯೇ ಎಡವುತ್ತ ಬಂದವು.

ಹಿಂದಿನ ಸಾಲಿನಿಂದ ಯಾರೋ ಹಿರಿಯರು ಪಕ್ಕದವರಿಗೆ ಗಟ್ಟಿಯಾಗಿ ಹೇಳಿದ್ದು ನನಗೂ ಕೇಳಿಸಿತು: "ಈಕಿ ಅಲ್ಲ ಬಿಡೋ. ಆ ಚಂದ ಹಾಡಿದಾಕಿನ್ನ ಹಿಡೀರಿ."

ಪರದೆ ಬಿದ್ದ ಮೇಲೆ ಜಗಳಕ್ಕೇ ಹೋದೆ. ಅವರು ಶಾಂತವಾಗಿ ಹಾರ್ಮೋನಿಯಂ ಮುಚ್ಚುತ್ತಿದ್ದರು. "ಸಾಕ್ಷಿ ಪಾಠ ಒಪ್ಪಿಸಾಕತ್ತಿದ್ರ, ನಮ್ಮ ವಕೀಲರು ಪಾಠದಾಗ ಇಲ್ಲದ್ದು ಕೇಳತಿದ್ರು ತಂಗಿ. ಏನು ತಪ್ಪು ಮಾಡೀನಿ?"

ಮುಂದಿನ ವರ್ಷ, ಚಳಿ ಕಳೆದ ಮೇಲೆ, ಅವರಿಗೆ ಹುಷಾರಿಲ್ಲವೆಂದು ಕೇಳಿ ಕಾಚಿಗುಡಾಕ್ಕೆ ಹೋದೆ. ಮಂಚದ ಮೇಲೆ ದಿಂಬಿಗೊರಗಿದ್ದರು. ಬಹಳ ಇಳಿದುಹೋಗಿದ್ದರು.

"ಏನಿಲ್ಲ ತಂಗಿ, ಸ್ವಲ್ಪ ಕೆಮ್ಮು. ಯುಗಾದಿಗೆ ಎದ್ದು ಕುಂಡ್ರತೀನಿ."

ಪಕ್ಕದ ಮನೆಯಾಕೆ ಬಂದು ಕೇಳಿದರು. ಏನಿಲ್ಲ, ಸ್ವಲ್ಪ ಕೆಮ್ಮು, ಯುಗಾದಿಗೆ ಎದ್ದು ಕುಂಡ್ರತೀನಿ. ಪುಣೆಯಿಂದ ಮಗನ ಫೋನು ಬಂತು. ಅವನಿಗೂ ಅಷ್ಟೇ. ದುಪಟ್ಟಾದ ಕೆಳಗೆ ನನ್ನ ಬೆರಳುಗಳು ಮೊಣಕಾಲಿನ ಮೇಲೆ ಆಡುತ್ತಿದ್ದವು. ಮೂರು ಸಲವೂ ಒಂದು ಮಾತ್ರೆ ಆಚೀಚೆ ಆಗಲಿಲ್ಲ.

ಫೋನು ಇಟ್ಟ ಮೇಲೆ ಕೇಳಿದೆ: "ಕಾಕಾ, ಸಣ್ಣವರಿದ್ದಾಗ ನಿಮ್ಮನ್ನ ಮನ್ಯಾಗ ಏನಂತ ಕರೀತಿದ್ರು?"

ಅವರು ನನ್ನ ಕೈಯ ಕಡೆ ನೋಡಿದರು. ಬಾಯಿ ತೆರೆದರು, ಮುಚ್ಚಿದರು. ಮತ್ತೆ ತೆರೆದು ಒಂದು ಹೆಸರು ಹೇಳಿದರು. ಅದನ್ನೂ ಇಲ್ಲಿ ಬರೆಯುವುದಿಲ್ಲ.

"ಯುಗಾದಿ..." ಎಂದು ತಡೆದರು. "ಯುಗಾದಿ ಭಾಳ ದೂರ ಐತಿ ತಂಗಿ."

ಆಗ ಯುಗಾದಿಗೆ ಹದಿನೆಂಟು ದಿನವಷ್ಟೇ ಇತ್ತು.