ಟವೆಲ್ ಹಾಕಿ ಹಿಡಿದ ಮನೆ

ನನ್ನ ಗಂಡ ಬಹಳ ಸಂಭಾವಿತರು. ಎದುರಿನವರು ಕಾಲು ತುಳಿದರೂ ತಾವೇ 'ತಪ್ಪಾತ್ರಿ' ಅನ್ನುವ ಪೈಕಿ. ಆದರೆ ಬಸ್ಸು ಸ್ಟ್ಯಾಂಡಿಗೆ ಬಂದು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುವುದರಲ್ಲಿ ಅವರನ್ನು ಮೀರಿಸುವವರನ್ನು ನಾನು ಕಂಡಿಲ್ಲ. ರಾಮದುರ್ಗದ ಕಡೆಯ ಹಳ್ಳಿಯಿಂದ ದಿನಾ ಕಾಲೇಜಿಗೆ ಓಡಾಡಿ ಕಲಿತ ವಿದ್ಯೆ ಅದು. ನಾನೂ ದೊಡವಾಡದವಳು, ಧಾರವಾಡದ ಬಸ್ಸಿಗೆ ಪುಸ್ತಕದ ಚೀಲ ತೂರಿಸಿಯೇ ಡಿಪ್ಲೊಮಾ ಮುಗಿಸಿದವಳು. ಆದರೂ ಅವರ ಮುಂದೆ ನಾನಿನ್ನೂ ಅಕ್ಷರ ತೀಡುವ ಬಿಗರಿ ಇಯತ್ತೆಯವಳು.

ಆಗ ನಮ್ಮ ಮದುವೆಯಾಗಿ ಎರಡು ವರ್ಷ. ಅವರು ಸವದತ್ತಿಯಲ್ಲಿ ಹೈಸ್ಕೂಲು ಮಾಸ್ತರು, ನಾನು ಕಿತ್ತೂರಿನಲ್ಲಿ ರಕ್ತ ತಪಾಸಣೆ ಮಾಡುವ ಲ್ಯಾಬಿನವಳು. ಅವರಿಗೆ ಅಲ್ಲೊಂದು ಖೋಲಿ, ನನಗೆ ಇಲ್ಲೊಂದು ಖೋಲಿ. ರವಿವಾರ ಬೆಳಿಗ್ಗೆ ಯಾರಾದರೊಬ್ಬರು ಬಸ್ಸು ಹತ್ತಿ ಬರುವುದು, ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಕೈಬೀಸಿ ಹೊರಳಿ ಹೋಗುವುದು. ಇಬ್ಬರಲ್ಲಿ ಒಬ್ಬರ ಊರಲ್ಲಿ ಮನೆ ಮಾಡೋಣವೆಂದರೆ ಇನ್ನೊಬ್ಬರಿಗೆ ದಿನದ ಹಾದಿ ಬಹಳ ದೂರ. 'ಹೆಣ್ಮಕ್ಕಳಿಗೆ ಬಸ್ ಪುಕ್ಕಟೆ ಐತಿ, ನೀನ ಅಡ್ಡಾಡು' ಎಂದು ಅವರು ಒಮ್ಮೆ ನಗುತ್ತ ಅಂದರು. ಆ ವಾರ ನಾನು ಸವದತ್ತಿಗೆ ಹೋಗಲಿಲ್ಲ. ಮುಂದಿನ ವಾರ ಅವರೇ ಕಿತ್ತೂರಿಗೆ ಬಂದು, ಇಬ್ಬರಿಗೂ ನಡುವಿನ ಬೈಲಹೊಂಗಲದಲ್ಲಿ ಮನೆ ನೋಡೋಣ ಎಂದರು. ನನಗೆ ಬೇರೆ ಆಸೆ ಇರಲಿಲ್ಲ. ದಿನಾ ಸಂಜೆ ಒಂದೇ ಬಾಗಿಲು ತೆರೆದು, ಒಬ್ಬರು ರೊಟ್ಟಿ ಬಡಿಯುವಾಗ ಇನ್ನೊಬ್ಬರು ಉಳ್ಳಾಗಡ್ಡಿ ಹೆಚ್ಚಬೇಕು, ಅಷ್ಟೆ.

ನಮ್ಮ ಬೇಡಿಕೆಯೂ ದೊಡ್ಡದಲ್ಲ. ನಮ್ಮ ಕೈಗೆಟುಕುವ ಬಾಡಿಗೆ, ಬಸ್‌ಸ್ಟ್ಯಾಂಡಿಗೆ ನಡೆದು ಹೋಗುವಷ್ಟು ದೂರ. ಮೊದಲ ರವಿವಾರ ಅಪಾರ್ಟ್‌ಮೆಂಟ್ ಎಂಬ ಬೋರ್ಡು ಕಂಡು ಹುರುಪಿನಿಂದ ಒಳಗೆ ಹೋದೆವು. ಲಿಫ್ಟಿಗೆಂದು ಬಿಟ್ಟ ಗುಂಡಿಯಲ್ಲಿ ದನದ ಹೊಟ್ಟಿನ ಚೀಲ ಒಟ್ಟಿದ್ದರು. ಬಾಡಿಗೆಯನ್ನು ಮಾತ್ರ ಲಿಫ್ಟು ಸೇರಿಸಿಯೇ ಹೇಳಿದರು.

ಉಳಿದ ಮನೆಗಳ ಮಾಲಕರು ಒಳ್ಳೆಯವರೇ. 'ಬರ್ರಿ, ಕುಂದರ್ರಿ, ಚಾ ಇಡತೇನಿ' ಅನ್ನುತ್ತಿದ್ದರು. ನೆಲದ ಪರಶಿ ತೋರಿಸುತ್ತಿದ್ದರು, ನಳ ತಿರುವಿ ನೀರು ತೋರಿಸುತ್ತಿದ್ದರು. ಎಲ್ಲ ಕುದುರಿತು ಅನ್ನುವಾಗ, ಬಾಗಿಲ ಚೌಕಟ್ಟಿನ ಧೂಳು ಒರೆಸುತ್ತ, ಏನೋ ಮರೆತದ್ದು ನೆನಪಾದಂತೆ ಕೇಳುತ್ತಿದ್ದರು: 'ಅಂದಂಗ, ನಿಮ್ಮ ಮನಿದೇವ್ರು ಯಾವದ್ರಿ?'

ನಮ್ಮ ಕಡೆ ಜಾತಿ ಕೇಳುವುದು ಒರಟುತನ, ಮನೆದೇವರನ್ನು ಕೇಳುವುದು ಸಭ್ಯತೆ. ಎರಡಕ್ಕೂ ಉತ್ತರ ಒಂದೇ ಎಂಬುದು ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು. ನಾವಿಬ್ಬರೂ ಬೌದ್ಧರು. ಬುದ್ಧ ಎಂದು ಹೇಳಿದೊಡನೆ ಮಾಲಕರಿಗೆ ತಂಗಿಯ ಮಗ ನೆನಪಾಗುತ್ತಿದ್ದ. 'ನಮ್ಮ ತಂಗೀ ಮಗಾ ಇಲ್ಲೇ ಕಾಲೇಜಿಗಿ ಬರತಾನಂತ್ರಿ. ಮನಿ ಅವಗ ಇಡಬೇಕಾಗೇತಿ.' ಪ್ರಶ್ನೆ ಬೇಗ ಬಂದ ಮನೆಗಳಲ್ಲಿ ಚಹಾ ಬರುತ್ತಿರಲಿಲ್ಲ. ನಾಲ್ಕು ರವಿವಾರದಲ್ಲಿ ಐದು ತಂಗಿಯರ ಮಕ್ಕಳು ನಮ್ಮ ಮನೆಗಳನ್ನು ಹಿಡಿದರು. ಆ ಹುಡುಗರೆಲ್ಲ ನಿಜಕ್ಕೂ ಬಂದಿದ್ದರೆ ಬೈಲಹೊಂಗಲದ ಕಾಲೇಜಿಗೆ ಇನ್ನೊಂದು ಕಟ್ಟಡ ಬೇಕಾಗುತ್ತಿತ್ತು.

ನಗುತ್ತ ಬರೆಯುತ್ತಿದ್ದೇನೆ, ಆದರೆ ಆಗ ನಗು ಬಂದಿರಲಿಲ್ಲ. ನಾಲ್ಕನೇ ರವಿವಾರ ಸಂಜೆ ಕಿತ್ತೂರಿನ ಬಸ್ಸಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಿದ್ದೆ. ಇವರು ಫೋನಿನಲ್ಲಿ 'ಇನ್ನೊಂದ ವಾರ ನೋಡೂಣು' ಎಂದರು. ಅವರ ದನಿಯೂ ಸೋತಿತ್ತು.

ಐದನೇ ರವಿವಾರ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಆ ಮನೆ ಸಿಕ್ಕಿತು. ಎರಡು ಖೋಲಿ, ಹಿತ್ತಲಲ್ಲಿ ಕರಿಬೇವಿನ ಗಿಡ, ಬಾಗಿಲಿಗೆ 'ಬಾಡಿಗೆಗೆ ಇದೆ' ಎಂಬ ರಟ್ಟು. ಬಾಡಿಗೆಯೂ ನಮ್ಮ ಅಳತೆಯದೇ ಎಂದು ಪಕ್ಕದ ಮನೆಯವರು ಹೇಳಿದರು. ಮಾಲಕರು ಸಂತೆಗೆ ಹೋಗಿದ್ದರು, ಬಾಗಿಲಿಗೆ ಕೀಲಿ. ನಾವು ಕಾಯುತ್ತಿರುವಾಗ ಮೋಟರ್‌ಸೈಕಲ್ ಮೇಲೆ ಇನ್ನೊಬ್ಬ ಬಂದ. ರಟ್ಟು ಓದಿದ, ಕಿಟಕಿಯಲ್ಲಿ ಇಣುಕಿದ, ಹೆಂಡತಿಗೆ ಫೋನು ಹಚ್ಚಿ 'ಮನಿ ಪಕ್ಕಾ ಅಂತ ತಿಳಿ' ಎಂದು ಹೇಳುತ್ತ ಆಚೆ ಸರಿದ.

ನಾನು ಗಂಡನ ಮುಖ ನೋಡಿದೆ. ಅವರ ಕಣ್ಣಲ್ಲಿ ಬಸ್ಸು ಬಂದಾಗಿನ ಹೊಳಪಿತ್ತು. ಬೇಡ ಎನ್ನುವಷ್ಟರಲ್ಲಿ ಹೆಗಲ ಮೇಲಿನ ಟವೆಲ್ ಕಿಟಕಿಯ ಸರಳುಗಳ ನಡುವೆ ಹಾರಿ, ಖಾಲಿ ಖೋಲಿಯ ನಟ್ಟನಡುವೆ ಬಿತ್ತು.

'ಏನ ಮಾಡಿದ್ರಿ ಇದು?'

'ರೂಢಿ' ಎಂದರು, ಮೆಲ್ಲಗೆ.

ಅಷ್ಟರಲ್ಲಿ ವಯಸ್ಸಾದ ಮಾಲಕರು ಮೆಂತೆಪಲ್ಲೆ ಇಣುಕುವ ಕೈಚೀಲ ಹಿಡಿದು ಬಂದರು. ಮೋಟರ್‌ಸೈಕಲಿನವನೂ ಓಡಿ ಬಂದ. ಕೀಲಿ ತೆಗೆಯಲು ಹೋದ ಮಾಲಕರು ಕಿಟಕಿಯಿಂದ ಒಳಗೆ ನೋಡಿ ನಿಂತರು.

'ಟವೆಲ್ ಯಾರದು?'

ನನ್ನ ಗಂಡ ಸಾಲಿಯ ಹುಡುಗರಂತೆ ಕೈ ಎತ್ತಿದರು. ನಾನು ನೆಲ ನೋಡಿದೆ.

'ಎಲಾ ಇವ್ನ!' ಎಂದು ಮುದುಕರು ಹೊಟ್ಟೆ ಹಿಡಿದುಕೊಂಡು ನಕ್ಕರು. 'ಮೂವತ್ತ ವರ್ಷ ಕಂಡಕ್ಟರ್ ಇದ್ದೆ. ಟವೆಲ್ ಜಗಳಾ ಬಿಡಿಸಿ ಬಿಡಿಸಿ ಸಾಕಾಗಿ ಮನಿಗಿ ಬಂದು ಕುಂತ್ರ, ಇಲ್ಲೂ ಬಂತಲ್ಲಪಾ ಟವೆಲ್ಲು!'

'ಟವೆಲ್ ಹಾಕಿದ್ರ ಮನಿ ಅವರದಾಗತೈತೇನ್ರಿ?' ಎಂದು ಮೋಟರ್‌ಸೈಕಲಿನವನು ರೇಗಿದ.

'ಆಗೂದಿಲ್ಲ. ಟವೆಲ್ಲಿಗಿ ಸೀಟಿಲ್ಲ. ಮನಷ್ಯಾ ಕುಂತ್ರ ಸೀಟು.' ಅವರು ಕೀಲಿ ತೆಗೆದು ಹೊಸ್ತಿಲಲ್ಲಿ ಅಡ್ಡ ನಿಂತು, ಕಂಡಕ್ಟರರ ದನಿಯಲ್ಲಿ ಕೇಳಿದರು: 'ಎಲ್ಲಿಗಿ?'

ನಮಗೆ ತಿಳಿಯಲಿಲ್ಲ. 'ದಿನಾ ಎಲ್ಲಿಗಿ ಹೋಗಾವ್ರಿ ಅಂತ ಕೇಳತೇನಿ.'

ಮೋಟರ್‌ಸೈಕಲಿನವನದು ಬಜಾರಿನಲ್ಲೇ ಅಂಗಡಿ. ನಾವು ಸವದತ್ತಿ, ಕಿತ್ತೂರು ಎಂದೆವು. ಮುದುಕರಿಗೆ ಹುರುಪು ಬಂತು. ಸವದತ್ತಿಗೆ ಹೋಗುವ ಬೆಳಗಿನ ಬಸ್ಸುಗಳನ್ನು ಬಾಯಿಪಾಠ ಒಪ್ಪಿಸಿದರು. ಕಿತ್ತೂರಿಂದ ಬರುವ ಸಂಜೆಯ ಬಸ್ಸಿನಲ್ಲಿ ಯಾವ ಕಡೆ ಕುಳಿತರೆ ಬಿಸಿಲು ಬಡಿಯುವುದಿಲ್ಲ ಎಂದೂ ಹೇಳಿದರು. ಆಮೇಲೆ ಮೋಟರ್‌ಸೈಕಲಿನವನ ಹೆಗಲ ಮೇಲೆ ಕೈಯಿಟ್ಟರು. 'ತಮ್ಮಾ, ನಿನಗ ಗಾಡಿ ಐತಿ. ಆ ಕಡೆ ಓಣ್ಯಾಗ ನನ್ನ ದೋಸ್ತನ ಮನಿ ಖಾಲಿ ಐತಿ, ನಾ ಹೇಳೇನಂತ ಹೇಳು. ಬಸ್‌ಸ್ಟ್ಯಾಂಡ್ ಮಗ್ಗಲದ ಮನಿ ಬಸ್ಸಿಗಿ ಹೋಗಾವರಿಗಿ ಇರ್ಲಿ.' ಅವನು ಗೊಣಗುತ್ತ ಗಾಡಿ ಒದ್ದು ಹೋದ.

ಸುಮ್ಮನೆ ಕೀಲಿ ತೆಗೆದುಕೊಳ್ಳಬೇಕಿತ್ತು. ಆದರೆ ನಾಲ್ಕು ವಾರದ ಸಿಟ್ಟು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಒಳಗೆ ಹೋಗಿ ಕನಸು ಕಂಡು ಮತ್ತೆ ಹೊರಗೆ ಬರುವ ಶಕ್ತಿ ಇರಲಿಲ್ಲ.

'ನಮ್ಮ ಮನಿದೇವ್ರು ಯಾವದಂತ ಈಗ ಕೇಳಿ ಬಿಡ್ರಿ. ನಾವು ಬೌದ್ಧರು ಅದೇವಿ' ಎಂದೆ. ಗಂಡ ನನ್ನ ಕೈ ಚಿವುಟಿದರು.

ಮುದುಕರು ಮೆಂತೆಯ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. 'ಮೂವತ್ತ ವರ್ಷ ಮಂದಿಗಿ ಎಲ್ಲಿಗಿ ಅಂತಷ್ಟ ಕೇಳೇನಿ. ಈಗ ಹೊಸಾದು ಕಲಿ ಅಂದ್ರ ಹೆಂಗವಾ?'

ನನಗೆ ನಂಬಿಕೆ ಬರಲಿಲ್ಲ. 'ನಿಮ್ಮ ತಂಗೀ ಮಗಾ ಯಾರರ ಕಾಲೇಜಿಗಿ ಬರೂದೈತೇನ್ರಿ?'

ಅವರು ಕಕ್ಕಾಬಿಕ್ಕಿಯಾದರು. 'ನನಗ ತಂಗೀನ ಇಲ್ಲವಾ' ಎಂದರು.

ಎರಡು ವರ್ಷದಲ್ಲಿ ನಾನು ಅಷ್ಟು ನಕ್ಕದ್ದಿಲ್ಲ. ನಗುತ್ತಲೇ ಕಣ್ಣು ತುಂಬಿ ಬಂತು. ಮುದುಕರು ಗಾಬರಿಯಾಗಿ, ಪಲ್ಲೆ ಇಟ್ಟು ಚಹಾ ತರುತ್ತೇನೆಂದು ಎದುರಿನ ತಮ್ಮ ಮನೆಗೆ ಹೋದರು.

ನಾವು ಒಳಗೆ ಹೋಗಿ ಟವೆಲ್ ಬಿದ್ದಲ್ಲೇ ಅದನ್ನು ಹಾಸಿ ಕುಳಿತೆವು. ಚಹಾ ಬಂತು, ಕುಡಿದದ್ದಾಯಿತು. ಒಲೆ ಯಾವ ಮೂಲೆಗೆ, ಮಂಚ ಯಾವ ಮೂಲೆಗೆ ಎಂದು ಜಗಳ ಶುರುವಾಯಿತು. ಹೊತ್ತು ಇಳಿಯುತ್ತಿತ್ತು. ಹಿಂದಿನಿಂದ ಬಸ್‌ಸ್ಟ್ಯಾಂಡಿನ ಕೂಗು ಗೋಡೆ ದಾಟಿ ಬಂತು: 'ಸವದತ್ತಿ, ಸವದತ್ತಿ, ಸವದತ್ತಿ!' ಗಂಡ ರೂಢಿಯಂತೆ ಧಡಕ್ಕನೆ ಎದ್ದರು, ಟವೆಲ್ಲಿಗೆ ಕೈ ಹಾಕಿದರು.

ನಾನು ಅಂಗಿ ಹಿಡಿದು ಜಗ್ಗಿದೆ.

'ಕುಂದರ್ರಿ, ಇನ್ನೊಂದ ಬಸ್ ಐತಿ. ಎದ್ರ ಸೀಟ ಹೋಗತೈತಿ.'