ಹದಿನಾಲ್ಕು ತಿರುವಿನ ದಾರಿಗೆ ಒಂದು ಗಾಡಿ

ಸಂಬಳದ ಪಟ್ಟಿ ಬರೆಯುವ ಗುಮಾಸ್ತನನ್ನು ಬಿಟ್ಟರೆ ಆಫೀಸಿನಲ್ಲಿ ಯಾರೂ ಅವನನ್ನು ಹೆಸರು ಹಿಡಿದು ಕರೆದದ್ದಿಲ್ಲ. ಎಲ್ಲರಿಗೂ ಅವನು ‘ಲೋ ಗೇರಣ್ಣ’, ಏರು ಹತ್ತಲು ಹಾಕುವ ಲೋ ಗೇರಿನ ಹೆಸರಿನವನು. ಮಾತು ನಿಧಾನ, ಊಟ ನಿಧಾನ, ಸಿಟ್ಟು ಬರುವುದು ಇನ್ನೂ ನಿಧಾನ. ಆದರೆ ಗಾಡಿಯ ನಾಲ್ಕೂ ಚಕ್ರಕ್ಕೆ ಶಕ್ತಿ ಹಾಯಿಸಿ ಗುಡ್ಡ ಹತ್ತಲು ಕೂತನೆಂದರೆ ತುದಿ ಮುಟ್ಟದೆ ಇಳಿಯುವವನಲ್ಲ.

ಆ ಗುಡ್ಡದ ನೆತ್ತಿಯ ಮೇಲೆ ಒಂದು ಹವಾಮಾನ ಕೇಂದ್ರವಿತ್ತು. ಗಾಳಿ, ಮಳೆ, ಬಿಸಿಲು ಅಳೆಯುವ ನಾಲ್ಕು ಜನರಿಗೆ ನೀರು, ಬ್ಯಾಟರಿ, ಅಕ್ಕಿ, ಸೀಮೆಎಣ್ಣೆ ಸಾಗಿಸುವುದು ಅವನ ಕೆಲಸ. ದಾರಿಗೆ ಹದಿನಾಲ್ಕು ತಿರುವು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕೆಳಗೆ ಮರಗಳ ತಲೆ. ಇಪ್ಪತ್ತಾರು ವರ್ಷದಲ್ಲಿ ಅವನು ಒಂದು ಸಲವೂ ಅರ್ಧದಿಂದ ವಾಪಸ್ ಬಂದಿರಲಿಲ್ಲ. ಮದುವೆಯಾದ ಹೊಸದರಲ್ಲಿ ಮೂರು ವರ್ಷ ಅಲ್ಲೇ, ಕೇಂದ್ರದ ಹಿಂದಿನ ಒಂದೂವರೆ ಕೋಣೆಯಲ್ಲಿ, ಅವನೂ ಹೆಂಡತಿಯೂ ಸಂಸಾರ ಹೂಡಿದ್ದರು. ಅವಳು ಹೊಲಿಗೆಯವಳು. ಗಾಳಿಗೆ ಬಟ್ಟೆ ಹಾರಿಹೋಗದಂತೆ ಕಿಟಕಿ ಮುಚ್ಚಿ, ದೀಪ ಹಚ್ಚಿಟ್ಟುಕೊಂಡು ಹಗಲಲ್ಲೇ ಹೊಲಿಯುತ್ತಿದ್ದಳು. ಆಮೇಲೆ ಮನುಷ್ಯರ ಕೆಲಸ ಮಾಡುವ ಯಂತ್ರ ಬಂತು. ಕೇಂದ್ರಕ್ಕೆ ಬೀಗ ಬಿತ್ತು, ದಾರಿಯನ್ನು ಕೇಳುವವರಿಲ್ಲವಾಯಿತು.

ಈಗ ಅವಳ ಬೆನ್ನುಮೂಳೆಗೆ ಕಾಯಿಲೆ ಇಳಿದಿತ್ತು. ಕೂತರೆ ಹತ್ತು ನಿಮಿಷಕ್ಕೆ ಮುಖ ಬೆಳ್ಳಗಾಗುತ್ತಿತ್ತು. ಆಸ್ಪತ್ರೆಯವರು ಔಷಧಿ ಚೀಟಿಯನ್ನು ಗಿಡ್ಡ ಮಾಡುತ್ತಾ ಬಂದರು. ಕೊನೆಯ ಸಲ ಡಾಕ್ಟರು ಚೀಟಿ ಬರೆಯದೆ ಪೆನ್ನಿನ ಮುಚ್ಚಳ ಹಾಕಿದಾಗ ಅವನಿಗೆ ಅರ್ಥವಾಯಿತು.

ಮನೆಗೆ ಬಂದ ಸಂಜೆ ಅವಳು ಗೋಡೆ ಕಡೆ ಮುಖ ಮಾಡಿಕೊಂಡೇ ಹೇಳಿದಳು, “ಒಂದ್ಸಲ ಮೇಲಕ್ಕೆ ಕರ್ಕೊಂಡು ಹೋಗ್ತೀರಾ?”

“ಮೇಲಕ್ಕೆ ಅಂದ್ರೆ?”

“ದೇವರ ಹತ್ರ ಅಲ್ಲ, ಅಲ್ಲಿಗೆ ನಾನೇ ಹೋಗ್ತೀನಿ. ನಮ್ಮ ಹಳೇ ಮನೆ ಹತ್ರ.”

ಮರುದಿನ ಬೆಳಗ್ಗೆ ಅವನು ಗ್ಯಾರೇಜಿಗೆ ಹೋದ. ಗ್ಯಾರೇಜಿನ ಮಾಲೀಕನಿಗೆ ಸ್ಟೇರಿಂಗ್ ಹಿಡಿಯಲು ಕಲಿಸಿದವನು ಇವನೇ. ವಿಷಯ ಕೇಳಿ ಆತ ಕೈಯ ಎಣ್ಣೆ ಒರೆಸಿಕೊಳ್ಳುತ್ತಾ ಹಿಂದಿನ ಶೆಡ್ಡಿಗೆ ಕರೆದೊಯ್ದ. ಅಲ್ಲಿ ಎರಡು ಗಾಡಿ ನಿಂತಿದ್ದವು. ಒಂದು ದೊಡ್ಡ ಪಿಕಪ್, ಮನುಷ್ಯ ಕಾಲು ಚಾಚಿ ಮಲಗಿದರೂ ಒಂದು ಗೇಣು ಮಿಗುವಷ್ಟು ಉದ್ದದ ತೊಟ್ಟಿ ಅದಕ್ಕೆ. ಇನ್ನೊಂದು ಗಿಡ್ಡ ಜೀಪು. ಎರಡಕ್ಕೂ ನಾಲ್ಕು ಚಕ್ರದ ಎಳೆತ.

“ಯಾವುದು ಬೇಕೋ ತಗೊಂಡು ಹೋಗಣ್ಣ. ಎಷ್ಟು ದಿನ ಬೇಕಾದ್ರೂ ಇಟ್ಕೋ. ಗಿಡ್ಡದು ಮೇಕೆ ಇದ್ದಂಗೆ, ಎಲ್ಲಿ ಬೇಕಾದ್ರೂ ಹತ್ತುತ್ತೆ, ಅಂಗೈಯಗಲ ಜಾಗದಲ್ಲಿ ತಿರುಗುತ್ತೆ. ಈ ದೊಡ್ಡದು ಎಮ್ಮೆ. ಬೆನ್ನ ಮೇಲೆ ಹಾಸಿಗೆ ಹಾಸ್ಕೊಬಹುದು, ಆದ್ರೆ ಹೇಳಿದ ಮಾತು ಕೇಳಲ್ಲ.”

“ಅವಳಿಗೆ ಕೂರೋಕಾಗಲ್ಲ ಕಣೋ.”

“ಹಂಗಾದ್ರೆ ಕೇಳೋದೇನು, ಎಮ್ಮೇನೇ.”

“ಮೊಣಕೈ ತಿರುವಲ್ಲಿ ಹೋಗುತ್ತಾ ಇದು?”

ಮಾಲೀಕ ತಲೆ ಕೆರೆದುಕೊಂಡ. “ಅದನ್ನ ನೀನು ನನ್ನ ಕೇಳ್ತೀಯಲ್ಲಣ್ಣ!”

ಯಾವ ಗಾಡಿ ಎಂಬ ಪ್ರಶ್ನೆ ಅವನ ತಲೆಯಲ್ಲಿ ಮನೆ ಮಾಡಿದ್ದು ಆ ಹೊತ್ತಿಗೆ. ಅಂದಿನಿಂದ ಹನ್ನೊಂದು ದಿನ ಅವನಿಗೆ ಬೇರೆ ಯೋಚನೆ ಇರಲಿಲ್ಲ. ಹಾಗಿರಲು ಒಂದು ಯೋಚನೆ ಸಿಕ್ಕಿತಲ್ಲ ಎಂದು ಒಳಗೊಳಗೇ ಸಮಾಧಾನವೂ ಆಗಿತ್ತೋ ಏನೋ.

ಹಳೆಯ ಚಾಲಕರ ಪದ್ಧತಿಯಂತೆ ಎರಡು ಕೋಲು ಕಡಿದ. ಒಂದು ಪಿಕಪ್ಪಿನ ಅಗಲಕ್ಕೆ, ಇನ್ನೊಂದು ಜೀಪಿನ ಅಗಲಕ್ಕೆ. ಅವನ್ನು ಹೆಗಲ ಮೇಲಿಟ್ಟುಕೊಂಡು ನಡೆದೇ ಗುಡ್ಡ ಹತ್ತಿದ. ಒಂದೊಂದು ತಿರುವಿನಲ್ಲೂ ಬಂಡೆಗೂ ಅಂಚಿಗೂ ನಡುವೆ ಕೋಲನ್ನು ಅಡ್ಡ ಹಿಡಿದು ನೋಡಿದ. ಚಿಕ್ಕ ಕೋಲಿನ ಗೊಡವೆಯೇ ಇಲ್ಲ, ಜೀಪು ಕಣ್ಣು ಮುಚ್ಚಿಕೊಂಡು ಹೋಗುತ್ತದೆ. ದೊಡ್ಡ ಕೋಲು ಎಂಟನೆಯದಾದ ಮೊಣಕೈ ತಿರುವಿನಲ್ಲಿ ನಾಲ್ಕೇ ಬೆರಳು ಜಾಗ ಉಳಿಸಿ ನಿಂತಿತು. ಒಮ್ಮೆ ಮುಂದೆ, ಒಮ್ಮೆ ಹಿಂದೆ ಮಾಡಿದರೆ ಹಾಯುತ್ತದೆ. ಹಾರೆ ಒಯ್ದು ಅಲ್ಲಿ ಇನ್ನಷ್ಟು ಮಣ್ಣು ಕೆರೆದ. ಕೊರಕಲು ಬಿದ್ದಲ್ಲಿ ಕಲ್ಲು ತುಂಬಿದ. ದಿನಾ ಬೆಳಗ್ಗೆ ಹೋಗುವುದು, ಹೊತ್ತು ಮುಳುಗುವ ಮುಂಚೆ ಕೈಯೆಲ್ಲಾ ಬೊಬ್ಬೆ ಮಾಡಿಕೊಂಡು ಬರುವುದು.

ಮನೆಯಲ್ಲಿ ಹೆಂಡತಿಯ ಹತ್ತಿರ ಅವಳ ತಂಗಿ ಇರುತ್ತಿದ್ದಳು. ಅವಳೂ ಅಕ್ಕನಂತೆ ಹೊಲಿಗೆಯವಳೇ, ನಾಲಿಗೆ ಮಾತ್ರ ಕತ್ತರಿ.

“ಭಾವ, ರಸ್ತೆ ಮಾಡಿ ಮುಗೀತಾ? ಉದ್ಘಾಟನೆಗೆ ಯಾರನ್ನ ಕರೀತೀರಿ?” ಎಂದಳು ಒಂದು ದಿನ.

ಅವನು ಕಾಲು ತೊಳೆಯುತ್ತಾ, “ಒಂಬತ್ತನೇದರ ಹತ್ರ ಇನ್ನೊಂಚೂರು ಇದೆ,” ಎಂದ.

“ಬೆಳಗ್ಗಿಂದ ನಾಲ್ಕು ಸಲ ಕೇಳಿದ್ಲು ನೀವೆಲ್ಲಿ ಅಂತ.”

“ಅವಳಿಗೋಸ್ಕರಾನೇ ತಾನೆ?”

ಒಳಗಿನಿಂದ ಅವನ ಹೆಂಡತಿ ಕರೆದಳು. ಹೋಗಿ ಮಂಚದ ಕಾಲಬದಿ ನಿಂತ.

“ರೀ, ಆ ಚಿಕ್ಕ ಗಾಡೀಲೇ ಹೋಗೋಣ. ಮೊದಲಿನ ಹಾಗೆ ನಿಮ್ಮ ಪಕ್ಕ ಕೂತ್ಕೋತೀನಿ.”

“ಕೂರೋಕೆ ಆಗುತ್ತೇನೇ ನಿನಗೆ? ಹಿಂದಿನ ಸೀಟು ಕಿತ್ತು ಹಾಕಿದ್ರೂ ನಾಲ್ಕೂವರೆ ಅಡಿ. ಮಡಚಿ ಇಡಬೇಕಾಗುತ್ತೆ.”

“ಮಡಚಿ ಇಡೋಕೆ ನಾನೇನು ಕಂಬಳಿನಾ?” ಎಂದು ನಕ್ಕಳು. ನಕ್ಕದ್ದಕ್ಕೆ ಬೆನ್ನು ಹಿಡಿದುಕೊಂಡಿತು, ತುಟಿ ಕಚ್ಚಿಕೊಂಡಳು. “ಆದಷ್ಟು ದೂರ ಹೋಗೋಣ. ನೋವು ಜಾಸ್ತಿ ಆದ್ರೆ ವಾಪಸ್ ಬಂದ್ರಾಯ್ತು.”

“ವಾಪಸ್ ಯಾಕೆ ಬರಬೇಕು? ತುದಿವರೆಗೂ ಮಲಗಿಸ್ಕೊಂಡೇ ಕರ್ಕೊಂಡು ಹೋಗ್ತೀನಿ. ನಿನಗೆ ಗೊತ್ತೇ ಆಗಬಾರದು, ಹಾಗೆ.”

ಅವನ ನಿರ್ಧಾರ ಅಲ್ಲಿಗೆ ಮುಗಿದಿತ್ತು. ಪಿಕಪ್ಪೇ.

ಖಾಲಿ ಪಿಕಪ್ಪು ಕಲ್ಲಿನ ದಾರಿಯಲ್ಲಿ ಕತ್ತೆಯಂತೆ ಹಿಂದಿನಿಂದ ಒದೆಯುತ್ತದೆ. ಅದನ್ನು ತಣ್ಣಗೆ ಮಾಡಲು ತೊಟ್ಟಿಯ ತುಂಬ ಮರಳಿನ ಮೂಟೆ ಹಾಸಿದ. ಅದರ ಮೇಲೆ ಹಲಗೆ, ಹಲಗೆಯ ಮೇಲೆ ಮನೆಯ ಎರಡು ಹಾಸಿಗೆ. ತಾನೇ ಮಲಗಿಕೊಂಡು, ಗ್ಯಾರೇಜಿನ ಮಾಲೀಕನ ಕೈಲಿ ಊರಾಚೆಯ ಕಲ್ಲುದಾರಿಯಲ್ಲಿ ಓಡಿಸಿ ನೋಡಿದ.

“ಹೆಂಗಿದೆ ಅಣ್ಣ?” ಎಂದು ಮಾಲೀಕ ಕೂಗಿ ಕೇಳಿದ.

“ತೊಟ್ಟಿಲು ಕಣೋ,” ಎಂದ.

ಹೋಗುವ ದಿನ ಬೆಳಕು ಚೆನ್ನಾಗಿ ಬಿದ್ದ ಮೇಲೆ ಹೊರಟರು. ಹೊದಿಕೆಯ ನಾಲ್ಕು ಮೂಲೆ ಹಿಡಿದು ಅವಳನ್ನು ಮೇಲೇರಿಸಿದರು. ಎತ್ತುವಾಗ ಅವನ ಕೈಗೆ ಭಾರವೇ ಗೊತ್ತಾಗಲಿಲ್ಲ, ಹೊದಿಕೆ ಖಾಲಿಯಿದೆಯೇನೋ ಎಂದು ಒಮ್ಮೆ ಬಗ್ಗಿ ನೋಡಿದ. ಏರುದಾರಿಯಾದ್ದರಿಂದ ತಲೆಯನ್ನು ಮುಂದಕ್ಕೆ, ಚಾಲಕನ ಹಿಂದಿನ ಗಾಜಿಗೆ ಒತ್ತಿ ಮಲಗಿಸಿದ. ತಂಗಿ ಪಕ್ಕದಲ್ಲಿ ಕೂತು ಅವಳ ಭುಜ ಹಿಡಿದುಕೊಂಡಳು.

ಮೊದಲ ಐದು ತಿರುವು ಹೂವಿನ ಹಾಗೆ ದಾಟಿದವು. ಗಾಜು ಸರಿಸಿಟ್ಟಿದ್ದರಿಂದ ಅವಳ ಮಾತು ಕೇಳುತ್ತಿತ್ತು.

“ಎಲ್ಲಿದೀವಿ? ನಂಗೆ ಆಕಾಶ ಬಿಟ್ಟು ಏನೂ ಕಾಣ್ತಿಲ್ಲ.”

“ಒಂಟಿ ಮರ ದಾಟಿದ್ವಿ.”

“ಓ, ಅದಿನ್ನೂ ಇದೆಯಾ? ನನಗಿಂತ ಮುಂಚೆ ಹೋಗಿರುತ್ತೆ ಅನ್ಕೊಂಡಿದ್ದೆ, ನಾನೇ ಮೊದಲು ಅನ್ನಿ.”

“ಅಕ್ಕ, ಸುಮ್ನಿರು,” ಎಂದಳು ತಂಗಿ.

ಮೊಣಕೈ ತಿರುವಿನಲ್ಲಿ ಒಮ್ಮೆ ಮುಂದೆ, ಒಮ್ಮೆ ಹಿಂದೆ ಮಾಡಿದ. ಅಳೆದು ಹೇಳಿದಂತೆ ಗಾಡಿ ಹಾಯಿತು. ಎದೆಯಲ್ಲಿ ಹಳೆಯ ಹೆಮ್ಮೆ ಒಂದು ಗುಟುಕಿನಷ್ಟು ಉಕ್ಕಿತು. ಒಂಬತ್ತನೆಯದನ್ನು ದಾಟಿದ ಮೇಲೆ, ಅವನೇ ತುಂಬಿಸಿದ್ದ ಕೊರಕಲಿನಲ್ಲಿ ಹಿಂದಿನ ಚಕ್ರ ಇಳಿಯಿತು. ಅವನ ತೂಕಕ್ಕೆ ಅಲುಗದೆ ನಿಂತಿದ್ದ ಕಲ್ಲುಗಳು ಇಷ್ಟು ಮರಳಿನ ಭಾರಕ್ಕೆ ಜಾರಿದವು. ಗಾಡಿ ಒಂದು ಬದಿಗೆ ದಡಕ್ಕನೆ ಕೂತು ಎದ್ದಿತು.

ಅವಳು ಕೂಗಿದ ಕೂಗನ್ನು ಅವನು ಅಷ್ಟು ವರ್ಷದಲ್ಲಿ ಕೇಳಿರಲಿಲ್ಲ. ಅದು ಮನುಷ್ಯರದೆಂದೇ ಅನ್ನಿಸಲಿಲ್ಲ.

ಗಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ತೊಟ್ಟಿಯ ಅಂಚು ಹಿಡಿದು ನಿಂತ. ಅವಳ ಹಣೆಯ ಮೇಲೆ ಬೆವರು ಮಣಿಕಟ್ಟಿತ್ತು. ಉಸಿರು ಸಿಕ್ಕಿದ ಮೇಲೆ ಅವಳು ಹೇಳಿದ್ದು ಇಷ್ಟೇ.

“ಸಾಕು ರೀ. ಮನೆಗೆ ಹೋಗೋಣ.”

“ಇನ್ನೈದೇ ತಿರುವು ಕಣೇ. ಅರ್ಧ ಗಂಟೆ.”

“ಬೇಡ.”

“ಭಾವ, ತಿರುಗಿಸಿ ಗಾಡಿನ,” ಎಂದಳು ತಂಗಿ.

ಅವನು ಮುಂದೆ ನೋಡಿದ, ಹಿಂದೆ ನೋಡಿದ. ಆಗ ಹೊಳೆಯಿತು. ಹನ್ನೊಂದು ದಿನ ಅವನು ಹತ್ತುವುದನ್ನು ಅಳೆದಿದ್ದ. ಬಂಡೆಯಿಂದ ಅಂಚಿಗೆ ಅಳೆದಿದ್ದ, ಹಾಸಿಗೆ ಅಳೆದಿದ್ದ, ಮರಳು ಅಳೆದಿದ್ದ. ನಡುದಾರಿಯಲ್ಲಿ ಈ ಗಾಡಿಯನ್ನು ತಿರುಗಿಸುವುದೆಲ್ಲಿ ಎಂದು ಒಂದು ಸಲವೂ ಕೋಲು ಹಿಡಿದು ನೋಡಿರಲಿಲ್ಲ. ಅರ್ಧದಿಂದ ವಾಪಸ್ ಬಂದು ಗೊತ್ತಿಲ್ಲದವನಿಗೆ ಆ ಅಳತೆ ನೆನಪಾಗುವುದಾದರೂ ಹೇಗೆ? ಜೀಪಾಗಿದ್ದರೆ ಈ ಜಾಗದಲ್ಲೇ ಎರಡೇಟಿಗೆ ಮೂತಿ ತಿರುಗಿಸುತ್ತಿತ್ತು.

“ತಿರುಗಿಸೋಕೆ ಮೇಲಿನ ಅಂಗಳದಲ್ಲೇ ಜಾಗ ಇರೋದು,” ಎಂದ. ತನ್ನ ದನಿಯಲ್ಲಿ ಆಸೆ ಇಣುಕಿದ್ದು ಅವನಿಗೇ ಕೇಳಿಸಿತು. “ಹೇಗೂ ಮೇಲೆ ಹೋಗಲೇಬೇಕು. ನೋಡ್ಕೊಂಡೇ...”

ಅವಳು ಕಣ್ಣು ತೆರೆದಳು. “ಮೇಲೆ ಹೋದ್ರೂ ನಾನು ನೋಡಲ್ಲ. ನನಗಾಗಿ ಅಂತ ಹೇಳಿ ನಿಮ್ಮ ಗುಡ್ಡ ಹತ್ತಬೇಡಿ.”

ತಂಗಿ ಮುಖ ಬೇರೆ ಕಡೆ ತಿರುಗಿಸಿಕೊಂಡಳು. ಅವನು ಚಕ್ರದ ಕಲ್ಲು ತೆಗೆದು, ಕೂತು, ಗಾಡಿಯನ್ನು ರಿವರ್ಸಿಗೆ ಹಾಕಿದ.

ಒಂಬತ್ತು ತಿರುವುಗಳನ್ನೂ ಹಿಂದಕ್ಕೆ ಇಳಿಸಿದ. ಸೊಂಟ ತಿರುಚಿ, ಒಂದು ಕೈ ಸೀಟಿನ ಬೆನ್ನಿಗೆ ಹಾಕಿ, ಗಾಜಿನ ಮೂಲಕ ಹಿಂದೆ ನೋಡುತ್ತಾ. ಹಿಂದೆ ನೋಡಿದರೆ ದಾರಿಗಿಂತ ಮೊದಲು ಕಾಣುವುದು ಅವಳ ಮುಖ, ತಲೆಕೆಳಗಾಗಿ. ಹಣೆ ಇತ್ತ, ಗಲ್ಲ ಅತ್ತ. ಕೆನ್ನೆ ಇಷ್ಟು ಒಳಗೆ ಹೋಗಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಹುಬ್ಬಿನ ಹತ್ತಿರ ಕೂದಲು ಉದುರಿತ್ತು. ಆಸ್ಪತ್ರೆಯ ಕಾಗದ ಹಿಡಿದು ಓಡಾಡಿದ್ದ, ಔಷಧಿಯ ಹೊತ್ತು ತಪ್ಪಿಸಿರಲಿಲ್ಲ, ಕೊರಕಲು ಮುಚ್ಚಿದ್ದ. ನೋಡಿರಲಿಲ್ಲ. ಈಗ ಬೇಡವೆಂದರೂ ಕಣ್ಣು ತೆಗೆಯುವಂತಿರಲಿಲ್ಲ, ತೆಗೆದರೆ ಮೂವರೂ ಕೆಳಗೆ.

“ಎಡಕ್ಕೆ ಭಾವ, ಎಡಕ್ಕೆ... ಸಾಕು, ನಿಲ್ಸಿ... ಈಗ ಬನ್ನಿ,” ಎಂದು ತಂಗಿ ದಾರಿ ಹೇಳುತ್ತಿದ್ದಳು.

ಮೊಣಕೈ ತಿರುವಿನಲ್ಲಿ ಆರು ಸಲ ಮುಂದೆ ಹಿಂದೆ ಆಯಿತು. ಪ್ರತಿ ಸಲವೂ ಬ್ರೇಕು ಒತ್ತುವ ಮೊದಲೇ ಅವಳ ಕಣ್ಣು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಿತ್ತು. ನೋವು ಬರುವುದು ಅವಳಿಗೆ ಮುಂಚೆಯೇ ತಿಳಿಯುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ, ಆರನೆಯದೋ ಐದನೆಯದೋ ತಿರುವಿನಲ್ಲಿ, ಅವಳು ಮೇಲೆ ನೋಡಿದಾಗ ಅವನ ಕಣ್ಣು ಸಿಕ್ಕಿತು.

“ಯಾಕೆ ಅಳ್ತಿದೀರಿ?”

“ಧೂಳು.”

“ಹೂಂ. ಧೂಳು ನಿಮಗೊಬ್ಬರಿಗೇ ಏಳುತ್ತೆ,” ಎಂದಳು.

ಬುಡ ಮುಟ್ಟುವಾಗ ಬಿಸಿಲು ಇಳಿಮುಖವಾಗಿತ್ತು. ಅಲ್ಲಿ ಬಯಲು, ಬೇಕಾದಷ್ಟು ಜಾಗ. ಗಾಡಿಯನ್ನು ತಿರುಗಿಸಿ ಡಾಂಬರು ರಸ್ತೆಗೆ ಹಾಕಿದ. ಕತ್ತು ಮರಗಟ್ಟಿತ್ತು. ಈಗ ಎದುರಿಗೆ ರಸ್ತೆ, ನೇರ, ಸಪಾಟು. ಅವಳು ಅವನ ಬೆನ್ನ ಹಿಂದೆ ಎಲ್ಲೋ ಇದ್ದಳು.

“ಎಚ್ಚರ ಇದ್ದಾಳಾ?” ಎಂದು ಕೇಳಿದ.

“ಇದ್ದಾಳೆ ಭಾವ.”

ಒಂದು ಫರ್ಲಾಂಗು ಹೋಗಿ ಮತ್ತೆ ಕೇಳಿದ. ಸೇತುವೆಯ ಹತ್ತಿರ ಮತ್ತೆ. ಪೆಟ್ರೋಲ್ ಬಂಕಿನ ಮುಂದೆ, ವೇಗ ಇನ್ನೂ ಇಳಿಸಿ, ಕತ್ತು ಹಿಂದಕ್ಕೆ ಹೊರಳಿಸಿಯೇ ಬಿಟ್ಟ. ಎದುರಿನ ಲಾರಿ ಕಿರುಚಿಕೊಂಡು ಪಕ್ಕಕ್ಕೆ ಸರಿದುಹೋಯಿತು.

ತಂಗಿ ಬಾಯಿ ತೆರೆಯುವ ಮೊದಲೇ ಗಾಜಿನಾಚೆಯಿಂದ ಅವಳ ದನಿಯೇ ಬಂತು, ಸಣ್ಣಗೆ, ಸ್ವಲ್ಪ ಬೇಸರದಿಂದ.

“ಇದ್ದೀನಿ ರೀ. ಮುಂದೆ ನೋಡಿ ಓಡಿಸಿ.”