ಪಚ್ಚ ಗಾಜು

ಜಗಲಿಯ ದೀಪಕ್ಕಿರುವ ಹಳದಿ ಗಾಜು ಅರ್ಧ ಮೊಟ್ಟೆಯ ಹಾಗೆ ಯಾಕಿದೆ ಎಂದು ಹೋದ ರಜೆಯಲ್ಲಿ ನೀವು ಕೇಳಿದಿರಿ. ನಾನು ಏನೋ ಹೇಳಿ ಒಳಗೆ ಹೋದೆ. ಬಾಯಿಬಿಟ್ಟು ಹೇಳುವುದು ನನಗೆ ಮೊದಲಿಂದಲೂ ಕಷ್ಟ. ಬರೆಯುವುದಾದರೆ ಬರೆದೇನು. ತೋವಿನಕೆರೆ ಕಡೆಯ ಹಳ್ಳಿ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದವಳು ನಾನು. ನನ್ನ ಅಕ್ಷರ ದುಂಡಗಿದೆ ಎಂದು ಮೇಷ್ಟ್ರು ಹೇಳುತ್ತಿದ್ದರು. ಆ ದುಂಡಕ್ಷರದಿಂದಲೇ ಆ ಗಾಜು ನಮ್ಮ ಮನೆಗೆ ಬಂದದ್ದು.

ನಿಮ್ಮ ತಾತ ವಿಮಾನ ಕಟ್ಟಿದ್ದರು ಎಂಬುದು ನಿಮಗೆ ಗೊತ್ತು. ಫೋಟೋ ನೋಡಿದ್ದೀರಿ. ವಾಯುಸೇನೆಯಲ್ಲಿ ಹದಿನೈದು ವರ್ಷ ವೈರಿಂಗ್ ಕೆಲಸ ಮಾಡಿ ಬಂದವರು, ಮಧುಗಿರಿಯಲ್ಲಿ ಲಾರಿ ಬಸ್ಸುಗಳ ಡೈನಮೊ, ಬ್ಯಾಟರಿ ರಿಪೇರಿಯ ಅಂಗಡಿ ಇಟ್ಟರು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಅಂಗಡಿಯ ಹಿಂದೆ ಖಾಲಿ ಬಿದ್ದಿದ್ದ ಕಡಲೆಕಾಯಿ ಗೋದಾಮನ್ನು ಬಾಡಿಗೆಗೆ ಹಿಡಿದು, ಮರ, ಬಟ್ಟೆ, ಅಂಟು ತಂದು ಶುರು ಮಾಡಿದರು. ಎರಡು ಸೀಟು, ಅಕ್ಕಪಕ್ಕ. ಮೊದಲ ದಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ವಿಮಾನದ ಆಕಾರ ಬರೆದು, ಒಂದು ಚೌಕ ತೋರಿಸಿ, "ಇದು ನಿಂದು" ಎಂದಿದ್ದರು. ನಾನು ಆ ಚೌಕದೊಳಗೆ ಹೋಗಿ ನಿಂತು ಬಂದಿದ್ದೆ.

ಐದು ವರ್ಷದ ಮೇಲೆ, ಎಲ್ಲ ಮುಗಿದು ಕರೆಂಟಿನ ಸಾಮಾನು ಆರಿಸುವುದು ಮಾತ್ರ ಉಳಿದಾಗ, ಆ ಚೌಕಕ್ಕೆ ಸಂಚಕಾರ ಬಂತು.

ಆ ಎಂಜಿನ್ನಿಗೆ ಬ್ಯಾಟರಿಯೇ ಬೇಕಿರಲಿಲ್ಲ. ಮ್ಯಾಗ್ನೆಟೊ ಎಂದು ಒಂದು ಡಬ್ಬಿ ಇರುತ್ತದೆ, ಮುಂದಿನ ಫ್ಯಾನನ್ನು ಕೈಯಲ್ಲಿ ತಿರುಗಿಸಿದರೆ ಅದು ತಾನೇ ಕಿಡಿ ಹುಟ್ಟಿಸುತ್ತದೆ. ಹಗಲು ಮಾತ್ರ ಹಾರಿಸುವ ವಿಮಾನಕ್ಕೆ ದೀಪವೂ ಕಡ್ಡಾಯವಲ್ಲ. ಆದರೆ ನಿಮ್ಮ ತಾತ ಕರೆಂಟಿನವರು. ದೀಪವಿಲ್ಲದ ವಿಮಾನವನ್ನು ಅವರಿಂದ ನೆನೆಸಿಕೊಳ್ಳುವುದಕ್ಕೇ ಆಗುತ್ತಿರಲಿಲ್ಲ. ಎಡ ರೆಕ್ಕೆಯ ತುದಿಗೆ ಕೆಂಪು, ಬಲ ರೆಕ್ಕೆಗೆ ಹಸಿರು, ಬಾಲಕ್ಕೆ ಬಿಳಿ. ಎಡ ಬಲ ಯಾರ ಕಡೆಯಿಂದ ಎಂದು ನಾನು ಕೇಳಿದ್ದಕ್ಕೆ, "ಎತ್ತು ಹೂಡ್ದೋನು ಹಿಂದೆ ನಿಂತು ಹೇಳ್ತಾನಲ್ಲ, ಅಂಗೆ" ಎಂದರು. ಅಲ್ಲಿಂದ ನನಗೆ ಅದು ಮರೆಯಲಿಲ್ಲ.

ಮೂರು ದೀಪ ಎಂದರೆ ಮೂರು ದೀಪ ಮಾತ್ರವಲ್ಲ. ಅವುಗಳ ಹಿಂದೆ ಬ್ಯಾಟರಿ, ಬ್ಯಾಟರಿ ತುಂಬಿಸಲು ಡೈನಮೊ, ಕರೆಂಟು ಹಿಂದಕ್ಕೆ ಹರಿಯದಂತೆ ತಡೆಯಲು ಅದಕ್ಕೊಂದು ಕಟೌಟ್ ಡಬ್ಬಿ, ರೆಕ್ಕೆಯುದ್ದಕ್ಕೂ ವೈರು. ಗೋದಾಮಿನ ಗೋಡೆಯ ಮೇಲೆ ಒಂದೊಂದರ ತೂಕವನ್ನೂ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಮೇಲೆ ಎಂಜಿನ್, ರೆಕ್ಕೆ, ಪೆಟ್ರೋಲ್, ಅವರು. ಎಲ್ಲ ಕಳೆದು ಕೊನೆಯ ಸಾಲಿನಲ್ಲಿ ಉಳಿದದ್ದು ಪಕ್ಕದ ಸೀಟಿಗೆ. ಲಾರಿ ಬ್ಯಾಟರಿ ಬರೆದ ದಿನ ಆ ಸಾಲಿನಲ್ಲಿ ಇಪ್ಪತ್ತು ಕೆಜಿ ಉಳಿಯಿತು. ಆಗ ನಾನು ನಲವತ್ತಾರು ಇದ್ದೆ. ಕಡಲೆಕಾಯಿ ಮೂಟೆ ತೂಗುವ ಯಂತ್ರ ಅಲ್ಲೇ ಬಿದ್ದಿತ್ತಲ್ಲ, ಯಾರೂ ಇಲ್ಲದಾಗ ಹತ್ತಿ ನೋಡಿಕೊಂಡಿದ್ದೆ.

ಅವರಿಗೂ ಅದು ತಿಳಿಯದೆ ಇರಲಿಲ್ಲ. ಶಿರಾಕ್ಕೆ ಹೋಗಿ, ಹೆದ್ದಾರಿ ಬದಿಯ ಗುಜರಿ ಅಂಗಡಿಗಳನ್ನೆಲ್ಲ ತಿರುಗಿ, ಲಾರಿ ಬ್ಯಾಟರಿಯ ಬದಲು ಮೋಟಾರ್ ಸೈಕಲ್ಲಿನದು ತಂದರು. ಲಾರಿ ಡೈನಮೊ ಬಿಟ್ಟು ಸಣ್ಣದೊಂದು ತಂದರು. ದೀಪದ ಕವಚ ಕಬ್ಬಿಣದ್ದು ಬೇಡವೆಂದು ಅಲ್ಯೂಮಿನಿಯಂ ತಗಡನ್ನು ತಾವೇ ಬಡಿದರು. ದಪ್ಪ ವೈರು ಸಣ್ಣದಾಯಿತು. ವೈರನ್ನು ನಾನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಹೇಳುತ್ತಿದ್ದೆ, ಅವರು ಗೋಡೆಯ ಮೇಲೆ ಬರೆಯುತ್ತಿದ್ದರು.

ವೈರುಗಳನ್ನು ಕಂತೆ ಮಾಡಿ ಗೇಣಿಗೊಂದು ಕಡೆ ದಾರ ಕಟ್ಟುವುದನ್ನು ಅವರು ಸೇನೆಯಲ್ಲಿ ಕಲಿತಿದ್ದರು. ಅವರ ಗಂಟು ಒಂದು ಜಾರಿದರೆ ಮುಂದಿನದೂ ಸಡಿಲವಾಗುತ್ತಿತ್ತು. ಕನಕಾಂಬರ ಕಟ್ಟುವ ಗಂಟು ಹಾಗಲ್ಲ, ಒಂದು ಹೂ ಉದುರಿದರೂ ಪಕ್ಕದ್ದು ಕದಲುವುದಿಲ್ಲ. ಒಂದು ಮೊಳ ವೈರನ್ನು ಬಾಳೆನಾರಿನಲ್ಲಿ ಕಟ್ಟಿ ಅವರ ಮುಂದಿಟ್ಟೆ. ಅವರು ನಕ್ಕರು, ಎಳೆದು ನೋಡಿದರು, ಮತ್ತೆ ಎಳೆದು ನೋಡಿದರು. ಆಮೇಲೆ ಮೇಣ ಹಚ್ಚಿದ ದಾರದ ಉಂಡೆಯನ್ನು ನನ್ನ ಕೈಗೆ ಕೊಟ್ಟು ಹೋದರು. ಆ ವಿಮಾನದಲ್ಲಿ ಕಟ್ಟಿದ ಗಂಟೆಲ್ಲ ನನ್ನವು.

ಇಷ್ಟಾದರೂ ಗೋಡೆಯ ಕೊನೆಯ ಸಾಲು ಮೂವತ್ತೇಳಕ್ಕೆ ಬಂದು ನಿಂತಿತು. ಬ್ಯಾಟರಿ, ಡೈನಮೊ, ದೀಪ, ವೈರು ಸೇರಿ ಹನ್ನೊಂದು ಕೆಜಿ. ಅದರಿಂದಾಚೆ ಕಡಿಮೆ ಮಾಡಲು ಏನೂ ಇರಲಿಲ್ಲ. ನಾನು ಬಿಟ್ಟು. ನಾನು ಸಂಜೆಯ ಮುದ್ದೆಯನ್ನು ಅರ್ಧ ಮಾಡಿದೆ. ಯಾಕೆಂದು ಯಾರಿಗೂ ಹೇಳಲಿಲ್ಲ. ನಮ್ಮತ್ತೆಯ ಕಣ್ಣು ತಪ್ಪಿಸಲು ಸಾಧ್ಯವೇ? "ಏಮ್ಮಾ, ಅವ್ನ ಬಿಮಾನ ಹಾರ್ತದೋ ಇಲ್ವೋ, ಇಂಗೇ ಆದ್ರೆ ನೀನಂತೂ ಹಾರೋಗ್ತೀಯ" ಎಂದು ಊಟಕ್ಕೆ ಕೂತಾಗಲೆಲ್ಲ ಚುಚ್ಚುತ್ತಿದ್ದರು. ಎರಡು ತಿಂಗಳಿಗೆ ನಲವತ್ತಮೂರಕ್ಕೆ ಇಳಿದೆ. ಇನ್ನೂ ಆರು ಕೆಜಿ ಎಲ್ಲಿಂದ ಇಳಿಸುವುದು? ಅಷ್ಟರಲ್ಲಿ ನಿಮ್ಮ ತಾತ ಆ ಸೀಟಿನ ಮಾತು ಬಂದಾಗ "ಸಾಮಾನು ಇಡೋಕೆ ಆಯ್ತದೆ" ಎನ್ನತೊಡಗಿದ್ದರು, ಬೇರೆ ಕಡೆ ನೋಡಿಕೊಂಡು. ನನಗೂ ಕೂರಬೇಕು ಎಂದು ನಾನು ಒಂದು ಸಲವೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಗೆ ಹೇಳುವುದು, ಅವರ ದೀಪ ಕಿತ್ತುಹಾಕಿ ನನ್ನನ್ನು ಕೂರಿಸಿ ಎಂದೇ?

ದೀಪದ ಗಾಜಿನ ಕಥೆ ಈಗ. ಕೆಂಪು ಮತ್ತು ಬಿಳಿ ಶಿರಾದಲ್ಲೇ ಸಿಕ್ಕವು. ಹಸಿರು ಸಿಗಲಿಲ್ಲ. ನಿಮ್ಮ ತಾತನ ಅಣ್ಣ ಪಾವಗಡದಲ್ಲಿ ಮದುವೆ ಮೆರವಣಿಗೆಗಳಿಗೆ ಲೈಟು, ಮೈಕು ಕೊಡುವ ಅಂಗಡಿ ಇಟ್ಟಿದ್ದರು. ಆಂಧ್ರದ ಕಡೆ ಬಣ್ಣದ ಗಾಜು ಮಾಡುವವರ ಪರಿಚಯ ಅವರಿಗಿತ್ತು. ಅವರಿಗೊಂದು ಕಾರ್ಡು ಬರೆಯಲು ನಿಮ್ಮ ತಾತ ನನಗೆ ಹೇಳಿದರು. ಮನೆಯ ಕಾಗದವೆಲ್ಲ ನಾನೇ ಬರೆಯುತ್ತಿದ್ದದ್ದು, ಅವರ ಅಕ್ಷರ ಅವರಿಗೇ ಓದಲು ಬರುತ್ತಿರಲಿಲ್ಲ. ಅಳತೆ ಹೇಳಿದರು, ರೆಕ್ಕೆಯ ತುದಿಗೆ ಕೂರುವಂತೆ ಅರ್ಧ ಮೊಟ್ಟೆಯ ಆಕಾರ ಎಂದರು, "ಬಣ್ಣ ಹಸ್ರು" ಎಂದರು.

ನನ್ನ ಗಂಡನ ಮನೆಯವರು ಮನೆಯೊಳಗೆ ತೆಲುಗು ಆಡುವವರು. ಕನ್ನಡ ಬರುತ್ತಿತ್ತು, ನನ್ನ ಕಿವಿಗೆ ಬೀಳುವ ಕಡೆ ಅದನ್ನೇ ಆಡುತ್ತಿದ್ದರು, ಆದರೆ ಸಲೀಸು ತೆಲುಗೇ. ನನ್ನದು ಶುದ್ಧ ಕನ್ನಡದ ಮನೆ. ಭಾವನವರ ಎದುರಿಗೆ ಹೆಂಗಸರು ನಿಲ್ಲುವ, ಮಾತಾಡುವ ರೂಢಿ ನಮ್ಮಲ್ಲಿರಲಿಲ್ಲ. ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಅವರು ಬಂದರೆ ನಾನು ಬಾಗಿಲ ಹಿಂದೆ. ಹಾಗಾಗಿ ಕಾರ್ಡಿನಲ್ಲಾದರೂ ಅವರ ಮಾತಿನಲ್ಲೇ ಒಂದು ಪದ ಬರೆದರೆ ಮರ್ಯಾದೆಯಾಗಿ ಇರುತ್ತದೆ ಎಂದುಕೊಂಡೆ. ಅತ್ತೆ ಹಸಿಮೆಣಸಿನಕಾಯಿಗೆ ಪಚ್ಚಿ ಮಿರಪಕಾಯ ಎನ್ನುತ್ತಿದ್ದರು. ನಮ್ಮ ಕಡೆಯೂ ಹಸಿರು ಕಲ್ಲಿನ ಓಲೆಗೆ ಪಚ್ಚೆಯ ಓಲೆ ಎನ್ನುತ್ತೇವೆ. ಹಸಿರು ಎನ್ನುವ ಕಡೆ ದುಂಡಗೆ "ಪಚ್ಚ ಗಾಜು" ಎಂದು ಬರೆದು ಡಬ್ಬಿಗೆ ಹಾಕಿಸಿದೆ.

ವಿಮಾನ ನೋಡಿ ಹಾರಲು ಅಪ್ಪಣೆ ಕೊಡುವ ಅಧಿಕಾರಿಯೊಬ್ಬರು ಬರುವ ದಿನ ಗೊತ್ತಾಗಿತ್ತು. ಅವರನ್ನು ಬರಮಾಡಿಕೊಳ್ಳಲು ಒಂದೂವರೆ ವರ್ಷ ಕಾಗದ ಬರೆದಿದ್ದೆವು. ಅವರು ಬಂದು, ವಿಮಾನದಲ್ಲಿರುವ ಸಾಮಾನೆಲ್ಲ ಪಟ್ಟಿ ಮಾಡಿ, ತೂಗಿ, ಎಷ್ಟು ಭಾರ ಹೊರಬಹುದು ಎಂದು ಬರೆದುಕೊಟ್ಟರೆ ಅದೇ ಲೆಕ್ಕ. ಪಕ್ಕದ ಸೀಟಿಗೆ ಮೂವತ್ತೇಳು ಎಂದರೆ ಮೂವತ್ತೇಳೇ.

ಹಿಂದಿನ ದಿನ ಮಧ್ಯಾಹ್ನದ ಬಸ್ಸಿಗೆ ಭಾವ ಬಂದರು. ಗಾಜನ್ನು ಹುಲ್ಲಿನಲ್ಲಿ ಸುತ್ತಿ, ಪಂಚೆಯಲ್ಲಿ ಗಂಟು ಕಟ್ಟಿ, ಪಾವಗಡದಿಂದ ಮಡಿಲಲ್ಲಿಟ್ಟುಕೊಂಡು ತಂದಿದ್ದರು. ಒಡೆದರೆ ಎಂದು ಒಂದು ಜೋಡಿಯನ್ನೇ ಮಾಡಿಸಿದ್ದರು. ನಾನು ಗೋದಾಮಿನ ಬಾಗಿಲ ಹಿಂದೆ ಕಾಫಿ ಲೋಟ ಹಿಡಿದು ನಿಂತಿದ್ದೆ. ನಿಮ್ಮ ತಾತ ಹುಲ್ಲು ಬಿಡಿಸಿದರು. ಅರಿಶಿನ ಕಲಸಿದ ನೀರಿನ ಹಾಗೆ, ಹಳದಿ.

"ಏನಣ್ಣ ಇದು? ಹಸ್ರು ಅಲ್ವಾ ನಾ ಕೇಳಿದ್ದು?"

"ಹಸ್ರು ಅಂತ ಎಲ್ಲಿ ಬರ್ದಿದ್ದೀಯಲೇ? ಪಚ್ಚ ಅಂತ ಬರ್ದಿದ್ದೀಯ. ಇದು ಪಚ್ಚ ಅಲ್ದೆ ಇನ್ನೇನು?" ಭಾವ ಜೇಬಿನಿಂದ ಕಾರ್ಡು ತೆಗೆದು ವಿಮಾನದ ರೆಕ್ಕೆಯ ಮೇಲಿಟ್ಟರು.

ಅವರ ಮನೆಯಲ್ಲಿ ಪಚ್ಚ ಎಂದರೆ ಅರಿಶಿನದ ಬಣ್ಣ. ಮೆಣಸಿನಕಾಯಿ ಪಚ್ಚಿ ಆಗಿದ್ದದ್ದು ಹಸಿರಾಗಿದ್ದಕ್ಕಲ್ಲ, ಹಸಿಯಾಗಿದ್ದಕ್ಕೆ. ಹದಿನಾಲ್ಕು ವರ್ಷ ಅವರ ಅಡುಗೆಮನೆಯಲ್ಲಿದ್ದೂ ನಾನು ಅದನ್ನು ತಿಳಿದಿರಲಿಲ್ಲ.

ಇಬ್ಬರಲ್ಲೂ ಮಾತು ಏರಿತು. ಅಷ್ಟು ದೂರದಿಂದ ಜೋಪಾನವಾಗಿ ತಂದವನಿಗೆ ಇದೇನಾ ಮರ್ಯಾದೆ ಎಂದು ಭಾವ ಪಂಚೆ ಕೊಡವಿದರು, ಅದೇ ಬಸ್ಸಿಗೆ ವಾಪಸ್ಸು ಹೋಗುತ್ತೇನೆ ಎಂದರು. ನಿಮ್ಮ ತಾತ ಅಧಿಕಾರಿಗೆ ಈಗಲೇ ತಂತಿ ಕೊಟ್ಟು ಬರಬೇಡಿ ಎನ್ನುತ್ತೇನೆ, ಹಸಿರು ಗಾಜು ಸಿಕ್ಕ ಮೇಲೆ ನೋಡಿಕೊಳ್ಳೋಣ ಎಂದು ಚಪ್ಪಲಿ ಮೆಟ್ಟಿದರು. ಇನ್ನೂ ಒಂದೂವರೆ ವರ್ಷ. ಆಮೇಲೂ ಅದೇ ಮೂವತ್ತೇಳು.

ಸೆರಗು ಹೊದ್ದು ಬಾಗಿಲು ದಾಟಿ ಬಂದೆ. ಭಾವ ಮುಖ ತಿರುಗಿಸಿ ಗೋಡೆಯ ಕಡೆ ನಿಂತರು.

"ತಪ್ಪು ಬರ್ದೋಳು ನಾನು" ಎಂದೆ. "ಭಾವನೋರದ್ದೇನೂ ಇಲ್ಲ." ಇಷ್ಟಕ್ಕೇ ನಿಲ್ಲಿಸಬೇಕೆಂದಿದ್ದೆ. ಆದರೆ ಭಾವ ನೋಡುತ್ತಿದ್ದ ಗೋಡೆಯಲ್ಲೇ ಆ ಕೊನೆಯ ಸಾಲು ಇತ್ತು. "ತಂತಿ ಕೊಡಬ್ಯಾಡಿ. ದೀಪ ಬ್ಯಾಡ. ದೀಪ ಬುಟ್ರೆ ನಲವತ್ತೆಂಟು ಆಯ್ತದೆ. ನಾನು ನಲವತ್ಮೂರು ಇವ್ನಿ."

ಬಿಸಿ ಕಾಫಿ ಲೋಟ ಇನ್ನೂ ನನ್ನ ಕೈಯಲ್ಲೇ ಇತ್ತು.

"ಲೇ" ಎಂದರು ಭಾವ, ಗೋಡೆಗೇ ಮುಖ ಮಾಡಿಕೊಂಡು, "ನಿನ್ ಹೆಂಡ್ತಿಗೆ ಮಾತು ಬತ್ತದೆ ಕಣ್ಲಾ. ಇಷ್ಟ್ ವರ್ಷ ಮೂಗಿ ಅಂದ್ಕಂಡಿದ್ದೆ."

ನಿಮ್ಮ ತಾತ ನಗಲಿಲ್ಲ. ರೆಕ್ಕೆಯ ತುದಿಯ ಖಾಲಿ ಕವಚವನ್ನು ಕೈಯಲ್ಲಿ ಸವರಿದರು. ಅದನ್ನು ಬಡಿಯಲು ಹದಿನೈದು ದಿನ ಹಿಡಿದಿತ್ತು. "ಕರೆಂಟಿನೋನ ಬಿಮಾನ್ದಲ್ಲಿ ಕರೆಂಟೇ ಇಲ್ಲ ಅಂತಾರೆ ಜನ" ಎಂದು ಮೆಲ್ಲಗೆ ಹೇಳಿದರು. ಅವರ ಮುಖ ನೋಡಿ, ಆಡಿದ ಮಾತನ್ನು ವಾಪಸ್ಸು ತೆಗೆದುಕೊಳ್ಳೋಣ ಎನ್ನಿಸಿತ್ತು, ಸುಳ್ಳೇಕೆ ಹೇಳಲಿ. ಅಷ್ಟರಲ್ಲಿ ಅವರು ಒದ್ದೆ ಬಟ್ಟೆ ತಂದು ಗೋಡೆಯ ನಾಲ್ಕು ಸಾಲು ಒರೆಸಿದರು. ಕೊನೆಯಲ್ಲಿ "ಮನೆಯವಳು ೪೩" ಎಂದು ಬರೆದರು. ಯಾರಿಗೂ ಓದಲು ಬಾರದ ಆ ಅಕ್ಷರದಲ್ಲಿ. ನಾನು ಓದಿದೆ.

ಆ ಸಂಜೆ ಅಣ್ಣತಮ್ಮಂದಿರು ಸೇರಿ ಬ್ಯಾಟರಿ, ಡೈನಮೊ, ದೀಪ, ವೈರು ಇಳಿಸಿದರು. ಮ್ಯಾಗ್ನೆಟೊದಿಂದ ಸ್ವಿಚ್ಚಿಗೆ ಬರುವ ಎರಡು ವೈರು ಮಾತ್ರ ಉಳಿದವು. ಹಳದಿ ಗಾಜು ಜಗಲಿಯ ದೀಪಕ್ಕೆ ಹೋಯಿತು. ಅಧಿಕಾರಿ ಬಂದರು, ತೂಗಿದರು, ಬರೆದುಕೊಂಡರು. ಆ ಎರಡು ವೈರಿನ ಕಟ್ಟನ್ನು ಬೆರಳಲ್ಲಿ ಎಳೆದು ನೋಡಿ, ಇದನ್ನು ಯಾರು ಕಟ್ಟಿದ್ದು ಎಂದು ಕೇಳಿದರಂತೆ. ನಾನು ಮತ್ತೆ ಬಾಗಿಲ ಹಿಂದಿದ್ದೆ.

ಅಪ್ಪಣೆಯ ಕಾಗದ ಬಂದು, ಸೇನೆಯಲ್ಲಿದ್ದಾಗಲೇ ಹಾರಿಸುವುದು ಕಲಿತಿದ್ದ ನಿಮ್ಮ ತಾತ ಒಬ್ಬರೇ ಎಷ್ಟೋ ಸಲ ಹಾರಿ, ಇನ್ನು ಪರವಾಗಿಲ್ಲ ಎನ್ನಿಸಿದ ಮೇಲೆ ನನ್ನ ದಿನ ಬಂತು. ಊರಾಚೆಯ ಗೋಮಾಳವೇ ನಮಗೆ ವಿಮಾನ ಇಳಿಯುವ ಜಾಗ. ಕುರಿ ಕಾಯುವ ಮುದುಕಪ್ಪ ಒಬ್ಬರು ಮಂದೆಯನ್ನು ಆಚೆ ಹೊಡೆದು, ಅದರೊಳಗೆ ದೀಪ ಇಲ್ಲವಂತೆ, ಹೊತ್ತು ಮುಳುಗೋದ್ರೊಳಗೆ ಇಳಿದುಬುಡಮ್ಮ ಎಂದರು. ಬೆಳಗಿನ ಎಂಟು ಗಂಟೆ ಆಗಿತ್ತು.

ಮೇಲೇರುವಾಗ ನಾನು ಹೊರಗೆ ನೋಡಲಿಲ್ಲ. ಮೊಣಕಾಲ ಮುಂದಿದ್ದ ಆ ಎರಡು ವೈರನ್ನೇ ನೋಡುತ್ತಿದ್ದೆ. ಇಡೀ ವಿಮಾನ ಗಡಗಡ ನಡುಗಿದರೂ ನನ್ನ ಗಂಟು ಒಂದೂ ಕದಲಲಿಲ್ಲ. ಆಮೇಲೆ ತಲೆ ಎತ್ತಿದೆ. ಮಧುಗಿರಿ ಬೆಟ್ಟ ಪಕ್ಕದಲ್ಲೇ ಇತ್ತು, ನೀರಿಂದೆದ್ದು ಮೈ ಒಣಗಿಸಿಕೊಳ್ಳಲು ಕೂತ ಎಮ್ಮೆಯ ಬೆನ್ನಿನ ಹಾಗೆ. ಕೆಳಗೆ ರಾಗಿ ಹೊಲ, ಹೊಲದ ನಡುನಡುವೆ ಹೂ ಬಿಟ್ಟ ಹುಚ್ಚೆಳ್ಳಿನ ಸಾಲು. ಹಸಿರಿಗೆ ಹಳದಿ ಗೀಟು ಎಳೆದ ಹಾಗೆ, ಕೊರಟಗೆರೆ ಕಡೆಯವರೆಗೂ.

ಇಳಿದ ಮೇಲೆ ಎಂಜಿನ್ ನಿಲ್ಲಿಸಿ, ಹೆಂಗಿತ್ತು ಎಂದು ಕೇಳಿದರು. ನನಗೆ ತಟ್ಟನೆ ಬಂದದ್ದು ಒಂದೇ ಮಾತು.

"ಪಚ್ಚಗಿತ್ತು" ಎಂದೆ.

ಅವರು ಟೋಪಿ ತೆಗೆದು ನನ್ನ ಮುಖ ನೋಡಿದರು. "ಯಾವ ಪಚ್ಚ?" ಎಂದರು.